ಮುಷ್ಟಿ ಎತ್ತಿದರೆ ಎಡಮೂಲೆ

ಬೂಟಿನ ಅಡಿ ಮರದ ನೆಲಕ್ಕೆ ಉಜ್ಜಿ ಕೀಚ್ ಎಂದಿತು, ಅಯ್ಯೋ ಅದೇ ಸದ್ದು, ಇಪ್ಪತ್ತೆರಡು ವರ್ಷವಾದರೂ ಕಾಲೇಜಿನ ಈ ಬ್ಯಾಸ್ಕೆಟ್‌ಬಾಲ್ ಕೋರ್ಟು ಹಾಗೇ ಕಿರುಚುತ್ತದೆ, ಆಗ ಕಿರುಚದೆ ಇದ್ದದ್ದು ಇವನ ಮಂಡಿಯೊಂದೇ, ಈಗ ಅದೂ ಕಲಿತಿದೆ — ಹಳೆಯ ವಿದ್ಯಾರ್ಥಿಗಳ ಪಂದ್ಯವಂತೆ, ಹೊಟ್ಟೆ ಬಂದವರೆಲ್ಲ ಹಳದಿ ಜೆರ್ಸಿಯೊಳಗೆ ಉಸಿರು ಬಿಗಿಹಿಡಿದು ನಿಂತಿದ್ದಾರೆ, ಅಗೋ, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದವನು ಏಣಿ, ಆ ಉದ್ದಕ್ಕೆ ಎಲ್ಲರೂ ಇಟ್ಟ ಹೆಸರು. ಏಣಿಯೇ. ಹನ್ನೊಂದು ವರ್ಷ ಮುಖ ನೋಡದವರನ್ನು ಒಂದೇ ತಂಡಕ್ಕೆ ಹಾಕಿಬಿಟ್ಟರಲ್ಲ ಆಟ ಕಲಿಸಿದ ಮೇಷ್ಟ್ರು, ಬೇಕೆಂತಲೇ ಮಾಡಿದ್ದು ಈ ಮುದುಕಪ್ಪ. ನಮಸ್ಕಾರ ಎಂದ ಏಣಿ. ನಮಸ್ಕಾರವಂತೆ! ಹಾಸ್ಟೆಲಿನಲ್ಲಿ ಒಂದೇ ಟವೆಲ್ಲಿಗೆ ಕಿತ್ತಾಡಿದವನು, ಒಂದು ಬೈಗುಳವನ್ನಾದರೂ ಬೈಯಬಾರದಿತ್ತೇ, ಕಪಾಳಕ್ಕೆ ಹೊಡೆದ ಹಾಗಾಯಿತು, ಹೊಡೆಸಿಕೊಳ್ಳಬೇಕಾದದ್ದೇ, ಆ ಮಾತು ಆಡಿದ ಬಾಯಿಗೆ.

ಮೇಷ್ಟ್ರು ಮೊದಲ ವರ್ಷವೇ ಹೇಳಿದ್ದರು, ನೋಡೋ ಗಿಡ್ಡ, ಗಾರ್ಡ್ ಅಂದ್ರೆ ಮನೆ ಯಜಮಾನಿ ಇದ್ದ ಹಾಗೆ, ಎಲ್ರಿಗೂ ಚೆಂಡು ಬಡಿಸು, ಆಮೇಲೆ ನಿಂದು. ಇವನು ಎಲ್ಲರಿಗಿಂತ ಹೆಚ್ಚು ಬಡಿಸಿದ್ದು ಏಣಿಗೆ, ಎಡಗೈ ಮುಷ್ಟಿ ಎತ್ತಿದರೆ ಏಣಿ ಎಡಮೂಲೆಗೆ ಓಡುತ್ತಾನೆ, ಇವನು ನೋಡದೆಯೇ ಎಸೆಯುತ್ತಾನೆ, ನೋಡುವುದೇನು, ಅಲ್ಲಿ ಎರಡು ಅಂಗೈ ಬಿಚ್ಚಿಕೊಂಡು ಇದ್ದೇ ಇರುತ್ತವೆ. ಸಂಬಳಕ್ಕೆ ಆಡಿದ ಮೊದಲ ಕ್ಲಬ್ಬಿಗೂ ಇಬ್ಬರೂ ಜೊತೆಗೇ, ಬಸ್ಸಿನ ಹಿಂದಿನ ಸೀಟು, ನಡುದಾರಿಗೆ ಚಾಚಿದ ಏಣಿಯ ಕಾಲು, ಎಡವಿದವರ ಬೈಗುಳ, ಆರು ವರ್ಷ, ಎಷ್ಟು ಚೆನ್ನಾಗಿತ್ತು, ದೇವರೇ, ಎಷ್ಟು ಚೆನ್ನಾಗಿತ್ತು. ಆಮೇಲೆ ಕ್ಲಬ್ಬಿನವರು ಇವನೊಬ್ಬನನ್ನೇ ಬೇರೆ ತಂಡಕ್ಕೆ ಬಿಟ್ಟುಕೊಟ್ಟರು, ಇನ್ನೊಂದು ಊರು, ನೀಲಿ ಜೆರ್ಸಿ, ಅಲ್ಲಿ ಮುಷ್ಟಿಗೆ ಅರ್ಥವಿಲ್ಲ, ಅಲ್ಲಿನ ಸನ್ನೆಯೇ ಬೇರೆ, ಎರಡು ಬೆರಳು, ನೆತ್ತಿ ತಟ್ಟುವುದು, ಹೊಸ ಮಗ್ಗಿಯಂತೆ ಬಾಯಿಪಾಠ ಮಾಡಿದ. ಐದನೆಯ ವರ್ಷ ಫೈನಲ್, ಎದುರು ತಂಡದಲ್ಲಿ ಏಣಿ, ಉಳಿದದ್ದು ಏಳು ಸೆಕೆಂಡ್, ಇವರು ಒಂದು ಅಂಕ ಮುಂದೆ, ಸುಮ್ಮನೆ ಚೆಂಡು ಹಿಡಿದುಕೊಂಡಿದ್ದರೆ ಸಾಕಿತ್ತು — ಎಡಗೈ ಮೇಲೆದ್ದಿತು, ಮುಷ್ಟಿ, ಯಾರು ಎತ್ತೆಂದರೋ, ತನ್ನವರು ಒಬ್ಬರೂ ಕದಲಲಿಲ್ಲ, ಕದಲಿದವನು ಏಣಿಯೊಬ್ಬನೇ, ಎಡಮೂಲೆಗೆ, ಎರಡು ಅಂಗೈ ಬಿಚ್ಚಿಕೊಂಡು, ಇವನು ಕೊಟ್ಟೇಬಿಟ್ಟ. ಏಣಿ ಒಂದು ಕ್ಷಣ ಚೆಂಡನ್ನು ನೋಡಿದ, ಇವನನ್ನು ನೋಡಿದ, ಆಮೇಲೆ ಅತ್ತ ಕಡೆಗೆ ಓಡಿ ಬುಟ್ಟಿಗೆ ಹಾಕಿದ, ಇವರು ಸೋತರು. ಏನಾಯ್ತು ಸರ್ ಎಂದು ವರದಿಗಾರ್ತಿ ಮೈಕ್ ಹಿಡಿದಾಗ ಇವನು ಏನೆಂದ, ಮೋಸ ಮಾಡ್ಬಿಟ್ಟ, ನಮ್ಮ ಹಳೇ ಗುರುತು ಇಟ್ಕೊಂಡು ನನ್ನ ಯಾಮಾರಿಸಿದ. ಮರುದಿನ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂತು. ಊರೂರಲ್ಲಿ ಜನ ಏಣಿಯನ್ನು ಮೋಸಗಾರ ಎಂದು ಕೂಗಿದರು, ಆ ಪುಣ್ಯಾತ್ಮ ತುಟಿ ಬಿಚ್ಚಲಿಲ್ಲ. ಮುಷ್ಟಿ ಎತ್ತಿದ್ದು ನೀವಲ್ವಾ, ಹೆಂಡತಿ ಅಷ್ಟೇ ಕೇಳಿದ್ದಳು, ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದ. ಒಪ್ಪಂದ ಮುಗಿಯಿತು, ಇನ್ನೆರಡು ಸಣ್ಣ ಕ್ಲಬ್ಬು, ಮಂಡಿಗೆ ಆಪರೇಷನ್, ಆಟವೂ ಮುಗಿಯಿತು.

ತಪ್ಪಾಯ್ತು ಕಣೋ, ಅಷ್ಟೇ ತಾನೆ ಹೇಳಬೇಕಿದ್ದದ್ದು, ದಾರಿಯುದ್ದಕ್ಕೂ ನೂರು ಸಲ ಹೇಳಿಕೊಂಡು ಬಂದಿದ್ದ, ಹಾಳು ನಾಲಿಗೆ ಏಳಲೇ ಇಲ್ಲ, ಸೀಟಿ ಊದಿದರು, ಚೆಂಡು ಬಂದೇಬಂತು, ಎಷ್ಟು ಭಾರ, ಮೊದಲು ಇಷ್ಟು ಭಾರವಿರಲಿಲ್ಲ, ಬಡಿಯುತ್ತಾನೆ, ಒಂದು, ಎರಡು, ಕೈ ಈ ಸಲ ತಾನಾಗಿ ಏಳಲಿಲ್ಲ, ಇವನೇ ಎತ್ತಿದ, ಎಡಗೈ, ಮುಷ್ಟಿ, ಎತ್ತಿ ನೆಲ ನೋಡಿದ, ನೋಡಲು ಧೈರ್ಯವಿಲ್ಲ, ಓಡದೆ ನಿಂತುಬಿಟ್ಟರೆ, ಮುಖ ತಿರುಗಿಸಿಬಿಟ್ಟರೆ — ದಬದಬ, ಭಾರದ ಹೆಜ್ಜೆ, ಏದುಸಿರು, ಕೊಡೋ, ಎಷ್ಟೊತ್ತೋ! ತಲೆ ಎತ್ತಿದ, ಎಡಮೂಲೆ, ಬಿಚ್ಚಿದ ಎರಡು ಅಂಗೈ, ಚೆಂಡು ಇನ್ನೂ ತನ್ನ ಕೈಯಲ್ಲೇ ಇದೆ, ಕೊಡಬೇಕು, ಎರಡು ಅಂಗೈ, ಬಿಚ್ಚಿಕೊಂಡು, ಎರಡು ಅಂಗೈ