ಹದಿನೇಳನೇ ಸಾಲು

“ಅದೇನು ಇಸ್ತ್ರಿಪೆಟ್ಟಿಗೆ ಅಂದ್ಕೊಂಡ್ಯೇನೆ ಮುದುಕಿ? ಮೂತಿ ಮೇಲೆ ಮಾಡಿ ನಿಲ್ಲಿಸ್ತಿದೀಯಲ್ಲ.”

ಮೇನೇಜರ್ ಹೀಗೆ ಹೇಳಿದ ಮೇಲೇ ನಾನು ನನ್ನ ಕೈ ನೋಡಿಕೊಂಡಿದ್ದು. ಹೌದು, ಮೌಸನ್ನು ಹಿಂಭಾಗದ ಮೇಲೆ ಊರಿ, ಕಂಪ್ಯೂಟರಿಗೆ ಒರಗಿಸಿ ನಿಲ್ಲಿಸಿದ್ದೆ. ಅದರ ಹೊಟ್ಟೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಕೆಂಪು ದೀಪ ಉರಿಯುವಾಗ ಪೆಟ್ಟಿಗೆಯನ್ನು ಮಲಗಿಸಿದರೆ ಕೆಳಗಿನ ಬಟ್ಟೆ ಸುಟ್ಟುಹೋಗುತ್ತದೆ. ಇಪ್ಪತ್ತೆರಡು ವರ್ಷದಿಂದ ಡಾಕ್ಟರುಗಳ ಬಿಳಿ ಕೋಟು ಉಜ್ಜುತ್ತಿರುವ ಕೈಗೆ ಗೊತ್ತಿರುವುದು ಅಷ್ಟೇ. ಉಜ್ಜು, ಎತ್ತು, ನಿಲ್ಲಿಸು, ಕೋಟು ತಿರುವು.

“ಮಲಗಿಸೇ ಅದನ್ನ. ಸುಡಲ್ಲ. ಥೂ, ಇವುಗಳಿಗೆ ಕಲಿಸೋದಕ್ಕಿಂತ ಕೋಣನ ಮುಂದೆ ಕಿನ್ನರಿ ಬಾರಿಸೋದು ವಾಸಿ.”

ನಾನು ಮಲಗಿಸಿದೆ. ನಿಮಗೆ ಅವಮಾನವಾಗಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಆಗಲಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಹಬೆಯ ನಡುವೆ ಇಷ್ಟು ವರ್ಷ ನಿಂತವರಿಗೆ ಕೆಲವು ಜಾಗ ಮರಗಟ್ಟಿಬಿಡುತ್ತವೆ. ಮೊದಲು ಅಂಗೈ, ಆಮೇಲೆ ಪಾದ, ಆಮೇಲೆ ಉಳಿದದ್ದು.

ಹೊಸ ಆಜ್ಞೆ ಬಂದಿತ್ತು. ಬಟ್ಟೆ ಒಗೆಯುವವರು, ಇಸ್ತ್ರಿಯವರು, ಮಡಚುವವರು ಎಲ್ಲರೂ ತಮ್ಮ ಹಾಜರಿಯನ್ನು, ಗಂಟುಗಳ ಲೆಕ್ಕವನ್ನು ತಾವೇ ಕಂಪ್ಯೂಟರಿಗೆ ಹಾಕಬೇಕು. ಆರು ವಾರ ಪಾಠ, ಕೊನೆಗೆ ಪರೀಕ್ಷೆ, ಬಾರದವರು ಮನೆಗೆ ಹೋಗಬೇಕು. ಮಧ್ಯಾಹ್ನ ಮೂರಕ್ಕೆ ಪಾಳಿ ಮುಗಿದ ಮೇಲೆ ನಾವು ಮುದುಕಿಯರು ಮೇಲಿನ ಮಹಡಿಯ ಮೀಟಿಂಗ್ ಕೋಣೆಗೆ ಹೋಗುತ್ತಿದ್ದೆವು. ಅಲ್ಲಿ ಎಷ್ಟು ತಂಪೆಂದರೆ ಬೆನ್ನ ಮೇಲಿನ ಬೆವರು ಹಾಗೇ ಚಳಿಯಾಗಿ ಕೂರುತ್ತಿತ್ತು. ಮೆತ್ತನೆಯ ಕುರ್ಚಿಗಳಿಗೆ ನಮಗಾಗಿಯೇ ಪ್ಲಾಸ್ಟಿಕ್ ಹೊದಿಸಿದ್ದರು.

ಪಾಠ ಹೇಳಲು ಒಬ್ಬಳು ಟೀಚರಮ್ಮ ಬರುತ್ತಿದ್ದಳು. ನಮ್ಮ ಮಕ್ಕಳ ವಯಸ್ಸಿನವಳು. ಕೆಟ್ಟವಳಲ್ಲ, ಆದರೆ ಗಡಿಯಾರ ನೋಡುವ ಚಟ. ಒಂದು ಬೆರಳಿಂದ ಒತ್ತಿ, ಮೆಲ್ಲಗೆ ಒತ್ತಿ, ಒತ್ತಿಟ್ಟುಕೊಳ್ಳಬೇಡಿ ಎನ್ನುತ್ತಿದ್ದಳು. ನಾನು ಒತ್ತಿಟ್ಟುಕೊಳ್ಳುತ್ತಿದ್ದೆ. ಕೋಟಿನ ಕಾಲರು ಹಾಗೆ ಒತ್ತದಿದ್ದರೆ ಕೂರುವುದಿಲ್ಲ. ಪರದೆಯ ತುಂಬ ಒಂದೇ ಅಕ್ಷರ ಸಾಲುಗಟ್ಟಿ ಓಡುತ್ತಿತ್ತು.

ನನ್ನ ಪಕ್ಕ ನಾದಿನಿ ಕೂರುತ್ತಿದ್ದಳು. ನನ್ನ ಗಂಡನ ತಂಗಿ. ಅವನು ಹೋದ ಮೇಲೂ ನಾವಿಬ್ಬರು ಒಂದೇ ಕೋಣೆಯಲ್ಲಿದ್ದೇವೆ. ಒಂದೇ ಒಲೆ, ಒಂದೇ ಬೀಗ. ಅವಳು ಏಳನೇ ಕ್ಲಾಸು ಓದಿದವಳು, ಪೇಪರನ್ನು ಗಟ್ಟಿಯಾಗಿ ಓದಿ ಅಕ್ಕಪಕ್ಕದವರಿಗೆಲ್ಲ ಹೇಳುವಷ್ಟು ಜೋರು. ನಾನು ನಾಲ್ಕಕ್ಕೇ ಬಿಟ್ಟವಳು. ಆದರೆ ಅವಳ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿವೆ. ನಡುವಿನ ಮೂರನ್ನು ಚಾದರ ಒತ್ತುವ ರೋಲರು ತಿಂದಿತು.

ಅದಕ್ಕೆ ಮೂರು ವರ್ಷವಾಯಿತು. ರೋಲರಿನ ಬಾಯಿಗೆ ಒಂದು ತಡೆಸರಳು ಇರುತ್ತಿತ್ತು, ಕೈ ತಗುಲಿದರೆ ಯಂತ್ರ ನಿಲ್ಲುತ್ತಿತ್ತು. ದಿನಕ್ಕೆ ಹತ್ತು ಸಲ ನಿಲ್ಲುತ್ತದೆ, ಕೆಲಸ ಸಾಗುವುದಿಲ್ಲ ಎಂದು ಮೇನೇಜರ್ ಅದನ್ನು ಬಿಚ್ಚಿಸಿದ. ಬಿಚ್ಚಿಸಿ ನಾಲ್ಕನೇ ದಿನ ಅವಳ ಕೈ ಒಳಗೆ ಹೋಯಿತು. ಅವತ್ತು ತಿಂಗಳ ಹದಿನೇಳು. ಅವಳನ್ನು ಅದೇ ಆಸ್ಪತ್ರೆಯ ಮೇಲಿನ ವಾರ್ಡಿನಲ್ಲಿ ಮಲಗಿಸಿದರು. ನಾವು ಒಗೆದು ಒತ್ತಿದ ಚಾದರದ ಮೇಲೇ ಮಲಗಿದಳು. ಚೀಟಿಯಲ್ಲಿ ಮಾತ್ರ ‘ಮನೆಯಲ್ಲಿ ಆದ ಪೆಟ್ಟು’ ಎಂದು ಬರೆದರು. ಹಾಗೆ ಒಪ್ಪಿಕೊಂಡರೆ ಬಟ್ಟೆ ಮಡಚುವ ಕೆಲಸ, ಇಲ್ಲದಿದ್ದರೆ ಬಾಗಿಲು. ಅವಳು ಒಪ್ಪಿಕೊಂಡಳು. ನಾನೇ ಒಪ್ಪಿಕೋ ಎಂದಿದ್ದೆ.

ಮನೆಯಲ್ಲಿ ನಮ್ಮದೇ ಒಂದು ಶಾಲೆ ನಡೆಯಿತು. ಸೋಪಿನ ಪೆಟ್ಟಿಗೆಯ ರಟ್ಟು ಹರಿದು ಅದರ ಮೇಲೆ ಕಂಪ್ಯೂಟರಿನ ಅಕ್ಷರದ ಕೀಲಿಗಳ ಮನೆ ಬರೆದುಕೊಂಡೆವು. ಸಂಜೆ ಊಟಕ್ಕೆ ಮೊದಲು ಅವಳು ಅಕ್ಷರ ಕೂಗುವುದು, ನಾನು ರಟ್ಟನ್ನು ಕುಟ್ಟುವುದು.

“ಅಲ್ಲಲ್ಲ ಅತ್ತಿಗೆ, ಅದು ‘ಮ’. ‘ಹ’ ಎಲ್ಲಿ ಹೇಳು.”

“ನಿನ್ನೆ ಇಲ್ಲೇ ಇತ್ತಲ್ಲೇ.”

“ಇವತ್ತೂ ಅಲ್ಲೇ ಇದೆ. ಅದೇನು ಹಾಲಿನೋನ ಎಮ್ಮೆಯೇ, ಎದ್ದು ಹೋಗೋಕೆ.”

ನಕ್ಕೆವು. ನಗು ಬಂತಲ್ಲ ಎಂದು ನನಗೇ ಆಶ್ಚರ್ಯವಾಯಿತು. ಕಣ್ಣು ಅವಳದು, ಬೆರಳು ನನ್ನದು. ಹೀಗೆ ಸೇರಿಸಿದರೆ ಒಬ್ಬ ಪೂರ್ತಿ ಹೆಂಗಸು ಆಗುತ್ತಿದ್ದಳು. ಆದರೆ ಪರೀಕ್ಷೆ ಒಬ್ಬೊಬ್ಬರಿಗೇ. ಅವಳು ಎಡಗೈಯಲ್ಲಿ ಒತ್ತಲು ನೋಡುತ್ತಿದ್ದಳು. ಆ ಕೈ ಹಗಲೆಲ್ಲ ಎರಡು ಕೈಯ ಕೆಲಸ ಮಾಡಿ ಮೂರು ಗಂಟೆಯ ಹೊತ್ತಿಗೆ ಗಡಗಡ ನಡುಗುತ್ತಿತ್ತು.

ನಮ್ಮ ಜೊತೆ ರೇಡಿಯೋ ಇದ್ದಳು. ಬಾಯಿ ಮುಚ್ಚದ ಕಾರಣಕ್ಕೆ ಬಂದ ಹೆಸರು. ಒಗೆಯುವ ವಿಭಾಗದಲ್ಲಿ ಎಲ್ಲರಿಗಿಂತ ಹಳಬಳು, ಕಣ್ಣಲ್ಲಿ ಪೊರೆ. ಎರಡನೇ ವಾರದ ಕೊನೆಗೆ ಮೇನೇಜರ್ ಅವಳ ಹಿಂದೆ ಬಂದು ನಿಂತ.

“ಏನಿದು?”

“ನನ್ನ ಹೆಸರು, ಸಾಮಿ. ಅರ್ಧ ಬಂದಿದೆ. ಉಳಿದರ್ಧ ನಾಳೆ ಬರತ್ತೆ.”

“ಹೆಸರೇ ಎರಡು ದಿನಕ್ಕೆ ಬಂದ್ರೆ ಹಾಜರಿ ಯಾವ ಜನ್ಮಕ್ಕೆ ಹಾಕ್ತೀಯೆ? ಅರವತ್ತಕ್ಕೆ ಅರಳು ಮರಳು. ಏಳು, ಡಬ್ಬಿ ತಗೊಂಡು ಹೊರಡು. ನಾಳೆಯಿಂದ ಬರಬೇಡ.”

ಅವಳು ಎದ್ದಳು. ಕೂತ ಪ್ಲಾಸ್ಟಿಕ್ಕನ್ನು ಸೆರಗಿನಿಂದ ಒರೆಸಿದಳು. ಡಬ್ಬಿ ತೆಗೆದುಕೊಂಡಳು. ಇಷ್ಟೂ ಹೊತ್ತು ಒಂದು ಮಾತೂ ಆಡಲಿಲ್ಲ. ನಾನು ‘ಕ’ ಹುಡುಕುತ್ತಿದ್ದೆ. ಸಿಕ್ಕಿತು, ಒತ್ತಿದೆ.

ಪರೀಕ್ಷೆಯ ಹಿಂದಿನ ದಿನ ಮೇನೇಜರ್ ನಮ್ಮಿಬ್ಬರನ್ನೂ ತನ್ನ ಕೋಣೆಗೆ ಕರೆಸಿದ. ಚಪ್ಪಲಿ ಒದ್ದೆ ಎಂದು ಕಾಲೊರೆಸುವ ಚಾಪೆಯ ಮೇಲೇ ನಿಲ್ಲಿಸಿದ. ನಾದಿನಿಯ ಜೊತೆ ಮಾತಾಡುವಾಗ ಅವನು ಗೋಡೆಯನ್ನೋ ನನ್ನನ್ನೋ ನೋಡುತ್ತಿದ್ದ. ಆ ಕೈಯ ಮೇಲೆ ಕಣ್ಣು ಬೀಳದ ಹಾಗೆ ಮೂರು ವರ್ಷದಿಂದ ಹುಷಾರಾಗಿದ್ದ.

“ನೋಡಿ, ಮುಂದಿನ ವಾರ ಮೇಲಿನೋರು ತಪಾಸಣೆಗೆ ಬರ್ತಾರೆ. ಹಳೇ ಹಾಜರಿ ಎಲ್ಲಾ ಕಂಪ್ಯೂಟರಿಗೆ ಹೋಗಬೇಕು. ನಾಳೆ ಪರೀಕ್ಷೆಗೆ ಒಬ್ಬೊಬ್ಬರಿಗೆ ಒಂದೊಂದು ಹಳೇ ತಿಂಗಳು ಕೊಡ್ತೀನಿ. ನಿನ್ನ ನಾದಿನಿಗೆ ಈ ತಿಂಗಳು.”

ಹಾಳೆ ನನ್ನ ಕೈಗೆ ಕೊಟ್ಟ. ಹೊಸ ಹಾಳೆ, ಮಡಿಕೆಯೂ ಇರಲಿಲ್ಲ. ನಾದಿನಿ ನನ್ನ ಭುಜದ ಮೇಲಿಂದ ಓದಿದಳು. ಹದಿನಾರರವರೆಗೆ ಹಾಜರು. ಹದಿನೇಳರಿಂದ ಮೂವತ್ತರವರೆಗೆ ರಜೆ.

“ಹದಿನೇಳಕ್ಕೆ ನಾನು ಬಂದಿದ್ದೆ,” ಅಂದಳು.

“ಹಳೇ ಪುಸ್ತಕ ನೀರು ಬಿದ್ದು ಹಾಳಾಗಿದೆ. ಈಗ ಇರೋದು ಇದೇ.” ಅವನು ನನ್ನನ್ನೇ ನೋಡುತ್ತ ಹೇಳಿದ. “ಅವಳ ಪಾಸ್‌ವರ್ಡಲ್ಲೇ, ಅವಳ ಹೆಸರಲ್ಲೇ ಹೋಗಬೇಕು. ಅವಳ ಕೈಲಿ ಆಗಲ್ಲ ಅಂತ ನಂಗೂ ಗೊತ್ತು. ನೀನು ಪಕ್ಕದಲ್ಲಿ ಕೂತು ಒತ್ತು, ನಾನು ಕಂಡೂ ಕಾಣದ ಹಾಗೆ ಇರ್ತೀನಿ. ಇಬ್ಬರೂ ಪಾಸು. ಇಲ್ಲಾಂದ್ರೆ ಇಬ್ಬರೂ ಆ ರೇಡಿಯೋ ಹಿಂದೆ.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅದು. ಇಲ್ಲಿ ಕೋಲೂ ನಾವೇ, ಹಾವೂ ನಾವೇ. ನಾನು “ಆಗಲಿ ಸಾಮಿ” ಅಂದೆ. ಕೆಲಸ ಹೋದರೆ ಈ ವಯಸ್ಸಿನ ಇಬ್ಬರು ಹೆಂಗಸರನ್ನು, ಅದರಲ್ಲೂ ಒಬ್ಬಳಿಗೆ ಒಂದೂವರೆ ಕೈ, ಯಾರು ಕರೆದು ಮಣೆ ಹಾಕುತ್ತಾರೆ?

ಅವತ್ತು ಸಂಜೆ ಮನೆಯಲ್ಲಿ ಅವಳು ರಟ್ಟು ತೆಗೆಯಲಿಲ್ಲ.

“ಸಿಟ್ಟಾ?” ಕೇಳಿದೆ.

“ಇಲ್ಲ ಅತ್ತಿಗೆ. ಸಿಟ್ಟು ಬರಬೇಕಿತ್ತು. ಬರ್ತಾ ಇಲ್ಲ.”

ಮರುದಿನ ಮೂರೂಕಾಲಿಗೆ ಕೂತೆವು. ಟೀಚರಮ್ಮ ಎಲ್ಲರಿಗೂ ಹೇಳಿದಳು: ಒಂದು ದಿನಕ್ಕೆ ಒಂದು ಸಾಲು. ತಾರೀಖು, ಹಾಜರು ಅಥವಾ ರಜೆ, ಕೊನೆಯಲ್ಲಿ ‘ವಿಶೇಷ’ ಅಂತ ಒಂದು ಖಾಲಿ ಮನೆ. ಏನೂ ಇಲ್ಲದಿದ್ದರೆ ಅದನ್ನು ಹಾಗೇ ಬಿಡಿ. ಪ್ರತಿ ಸಾಲಿಗೂ ಸೇವ್ ಒತ್ತಬೇಕು. ಒತ್ತಿದ ಮೇಲೆ ಅದು ಸೀದಾ ಮೇಲಿನ ಕಚೇರಿಗೆ ಹೋಗಿ ಬೀಗ ಬೀಳುತ್ತದೆ, ಇಲ್ಲಿಂದ ಯಾರೂ ತಿದ್ದಲಾಗದು, ಅದಕ್ಕೇ ನೋಡಿ ಒತ್ತಿ.

ಮೇನೇಜರ್ ಬಾಗಿಲ ಹತ್ತಿರ ಫೋನು ಹಿಡಿದು ನಿಂತಿದ್ದ.

ನಾದಿನಿ ಓದಿದಳು, ನಾನು ಒತ್ತಿದೆ. ಒಂದು, ಹಾಜರು, ಸೇವ್. ಎರಡು, ಹಾಜರು, ಸೇವ್. ಬಟ್ಟೆ ಎಣಿಸಿದ ಹಾಗೆ. ಹತ್ತನೇ ಸಾಲಿಗೆ ಕೈ ಪಳಗಿತು. ಹದಿನಾರಕ್ಕೆ ಬೆನ್ನು ಹಿಡಿದುಕೊಂಡಿತ್ತು.

“ಹದಿನೇಳು,” ಅಂದಳು.

ಪರದೆಯ ಬಾಣವನ್ನು ‘ರಜೆ’ಯ ಮೇಲೆ ತಂದು ನಿಲ್ಲಿಸಿದೆ. ಒತ್ತುವುದೊಂದೇ ಬಾಕಿ. ಅವಳು ‘ರಜೆ’ ಅನ್ನಲಿ ಎಂದು ಕಾದೆ. ತಿರುಗಿ ನೋಡಿದರೆ ಪರದೆಯನ್ನೇ ನೋಡುತ್ತಿದ್ದಳು.

“ಹಾಜರು ಒತ್ತು,” ಅಂದಳು.

“ತಲೆ ಮೇಲೆ ಕಲ್ಲು ಎಳ್ಕೊಬೇಡ್ವೇ.”

“ಅವತ್ತು ನನ್ನ ಬೆರಳಿಗೆ ರಜೆ ಇರ್ಲಿಲ್ಲ ಅತ್ತಿಗೆ. ಹಾಜರು ಒತ್ತು.”

ಒತ್ತಿದೆ. ಧೈರ್ಯ ಬಂದಿತ್ತು ಎಂದರೆ ಸುಳ್ಳು. ಆರು ವಾರದಿಂದ ಅವಳು ಹೇಳಿದ್ದನ್ನು ಒತ್ತಿ ಅಭ್ಯಾಸವಾಗಿತ್ತು. ಮೂರು ವರ್ಷದ ಹಿಂದೆ ಒಪ್ಪಿಕೋ ಎಂದ ಬಾಯಿ ನನ್ನದೇ, ಅದೂ ನೆನಪಿತ್ತು.

“ಈಗ ವಿಶೇಷದ ಮನೆ,” ಅಂದಳು. “ಬರಿ. ಬೆಳಿಗ್ಗೆ ಹನ್ನೊಂದೂಕಾಲಿಗೆ.”

ಅವಳು ಒಂದೊಂದೇ ಅಕ್ಷರ ಬಿಡಿಸಿ ಪಿಸುಗುಟ್ಟಿದಳು. ನಾನು ಹುಡುಕಿ ಹುಡುಕಿ ಒತ್ತಿದೆ. ಪಕ್ಕದ ಮೇಜಿನವರೆಲ್ಲ ಮೂವತ್ತು ದಿನ ಮುಗಿಸುತ್ತ ಬಂದರು, ನಾವು ಒಂದೇ ದಿನದಲ್ಲಿ ನಿಂತಿದ್ದೆವು. ಕೊನೆಗೆ ಅವಳು ಮೊದಲಿಂದ ಓದಿದಳು: ‘ಬೆಳಿಗ್ಗೆ ಹನ್ನೊಂದೂಕಾಲಿಗೆ ರೋಲರಲ್ಲಿ ನನ್ನ ಬಲಗೈ ಮೂರು ಬೆರಳು ಹೋಯಿತು. ತಡೆಸರಳು ಮೇನೇಜರ್ ಬಿಚ್ಚಿಸಿದ್ದರು. ನಾನು ಮನೆಯಲ್ಲಿರಲಿಲ್ಲ.’

ಟೀಚರಮ್ಮ ಹಿಂದೆ ಬಂದು ನಿಂತದ್ದು ಸೆಂಟಿನ ವಾಸನೆಯಿಂದ ಗೊತ್ತಾಯಿತು. ಓದುತ್ತಿದ್ದಳು. ನನ್ನೊಳಗೆ ಮರಗಟ್ಟಿದ್ದ ಯಾವುದೋ ಜಾಗ ತುಂಬ ದಿನದ ಮೇಲೆ ಅಲುಗಾಡಿತು. ಭಯ ಎಂದು ಗುರುತು ಹಿಡಿಯಲೂ ಸ್ವಲ್ಪ ಹೊತ್ತು ಹಿಡಿಯಿತು. ಅವಳು ನಾದಿನಿಯ ಕೈಯನ್ನು ನೋಡಿದಳು, ಗಡಿಯಾರ ನೋಡಿದಳು, ಮುಂದಿನ ಮೇಜಿಗೆ ಹೋದಳು.

“ಇನ್ನೂ ಎಷ್ಟೇ?” ಮೇನೇಜರ್ ಬಾಗಿಲಿಂದಲೇ ಕೂಗಿದ. “ಹದಿನೇಳು ಆಯ್ತಾ ಇಲ್ವಾ?”

“ಆಯ್ತು ಸಾಮಿ,” ಅಂದೆ.

“ಆದ್ರೆ ಸೇವ್ ಒತ್ತೇ, ಮುಹೂರ್ತ ನೋಡ್ತಿದೀಯೇನು? ನಂಗೆ ಬೇರೆ ಕೆಲಸ ಇದೆ.”

ನಾನು ಮೌಸು ಬಿಟ್ಟೆ. ನಾದಿನಿ ತನ್ನ ಬಲಗೈಯನ್ನು ಅದರ ಮೇಲಿಟ್ಟಳು. ಕಿರುಬೆರಳಿನಿಂದ ಒತ್ತಿದಳು. ಪರದೆ ಕೇಳಿತು: ‘ಖಚಿತವೇ?’ ಮತ್ತೆ ಒತ್ತಿದಳು. ಸಾಲು ಬೂದುಬಣ್ಣಕ್ಕೆ ತಿರುಗಿತು.

ಮೇನೇಜರ್ ಫೋನು ಜೇಬಿಗೆ ಹಾಕಿ ಹತ್ತಿರ ಬಂದ. ಓದಿದ. ಎರಡನೇ ಸಲ ಓದುವಾಗ ಅವನ ಕಿವಿ ಕೆಂಪಾಯಿತು.

“ಸೂಳೆಮುಂಡೇರಾ. ತೆಗೀರಿ ಇದನ್ನ. ಏಯ್ ಟೀಚರ್, ಅಳಿಸು ಬಾ.”

“ಬೀಗ ಬಿದ್ದಿದೆ ಸರ್. ಇಲ್ಲಿಂದ ಆಗಲ್ಲ.”

“ಆಗಲ್ಲ ಅಂದ್ರೆ? ವೈರು ಕೀಳು.”

“ವೈರು ಕಿತ್ರೂ ಆಗಲ್ಲ ಸರ್. ಹೋಗಿಬಿಟ್ಟಿದೆ.”

ಅವನು ನಮ್ಮ ಕಡೆ ತಿರುಗಿದ. ಇವತ್ತೇ ಕೊನೆ ಎಂದ, ಗೇಟು ದಾಟದ ಹಾಗೆ ಮಾಡುತ್ತೇನೆ ಎಂದ, ಪೊಲೀಸು ಎಂದ, ನಮ್ಮ ತಾಯಂದಿರನ್ನು ಎಳೆದು ತಂದ. ಏಳಿರಿ ಮೇಲೆ ಎಂದು ಮೇಜು ಗುದ್ದಿದ. ಕೋಣೆಯಲ್ಲಿದ್ದ ಮುದುಕಿಯರೆಲ್ಲ ಎದ್ದು ನಿಂತರು, ಅಭ್ಯಾಸಬಲ. ನನ್ನ ಮಂಡಿಯೂ ಏಳಲು ಹೊರಟಿತ್ತು. ನಾದಿನಿ ನನ್ನ ಸೆರಗನ್ನು ಹಿಡಿದು ಕೆಳಕ್ಕೆಳೆದಳು. ಅವಳು ಹಾಳೆಯಿಂದ ತಲೆ ಎತ್ತಿರಲಿಲ್ಲ.

“ಅತ್ತಿಗೆ, ಹದಿನೆಂಟು,” ಅಂದಳು. “ಮೇಲಿನ ವಾರ್ಡು, ಹದಿನಾಲ್ಕನೇ ಮಂಚ. ಒತ್ತು.”

ನಾನು ‘ಮ’ ಹುಡುಕಿದೆ.