ಸೆಮಿಸಿ ಎದ್ದು ಹೋಗುವ ಜಾಹೀರಾತು

ನಮ್ಮಲ್ಲಿ ಅಣ್ಣ ತಂಗಿ ದೊಡ್ಡವರಾದ ಮೇಲೆ ಒಂದೇ ಕೋಣೆಯಲ್ಲಿ ಕೂತು ಟಿವಿ ನೋಡುವುದಿಲ್ಲ. ಪರದೆಯ ಮೇಲೆ ಯಾರಾದರೂ ಯಾರನ್ನಾದರೂ ಮುದ್ದಿಸಿದರೆ ಇಬ್ಬರೂ ಮುಖ ಎಲ್ಲಿಟ್ಟುಕೊಳ್ಳುವುದು? ಟೋಂಗಾ ದ್ವೀಪ ಬಿಟ್ಟು ಸಿಡ್ನಿಗೆ ಬಂದರೂ ಈ ರೂಢಿ ನಮ್ಮ ಜೊತೆಗೇ ಬಂದಿದೆ. ನಾನು ಟಿವಿ ಮುಂದಿದ್ದರೆ ಅಣ್ಣ ಸೆಮಿಸಿ ಗ್ಯಾರೇಜಿನಲ್ಲಿರುತ್ತಾನೆ; ನನಗೆ ಏನಾದರೂ ಹೇಳಬೇಕಿದ್ದರೂ ಅಮ್ಮನ ಕೈಲಿ ಹೇಳಿಸುತ್ತಾನೆ.

ಆ ಭಾನುವಾರ ಮಾತ್ರ ಅವನು ಒಳಗೆ ಬಂದು ಕೂರಬೇಕಾಯಿತು. ಊರಿನ ಚರ್ಚಿನಲ್ಲಿ ತಾತ ಕೊನೆಯ ಸಲ ಪ್ರಸಂಗ ಮಾಡುವವರಿದ್ದರು. ಕಣ್ಣು ಪೂರ್ತಿ ಹೋಗಿತ್ತು, ಇನ್ನು ಪೀಠ ಹತ್ತುವುದಿಲ್ಲವೆಂದು ಹೇಳಿಬಿಟ್ಟಿದ್ದರು. ಚರ್ಚಿನವರು ಅದನ್ನು ಇಂಟರ್ನೆಟ್ಟಿನಲ್ಲಿ ನೇರಪ್ರಸಾರ ಮಾಡುತ್ತಿದ್ದರು. ಹಿರಿಯ ಮೊಮ್ಮಗನೆಂದು ಸೆಮಿಸಿಯನ್ನು ಹಾಲು ಬಿಡಿಸಿದ ಕೂಡಲೇ ಸಾಕಿಕೊಳ್ಳಲು ತಾತನಿಗೆ ಕೊಟ್ಟಿದ್ದರು. ಅವನು ಅವರ ಕೈಯಲ್ಲೇ ಬೆಳೆದು, ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದವನು. ನಾನು ಇಲ್ಲೇ ಹುಟ್ಟಿದವಳು. ತಾತನನ್ನು ಕಂಡೇ ಇಲ್ಲ.

ಸೆಮಿಸಿಯ ಫೋನು ಅದೇ ವಾರ ಕಟ್ಟಡದ ಸಾರುವೆಯ ಮೇಲಿಂದ ಬಿದ್ದು ಪುಡಿಯಾಗಿತ್ತು. ಮನೆಯಲ್ಲಿ ವಿಡಿಯೊ ಬರುವ ಬೇರೆ ಫೋನಿರಲಿಲ್ಲ, ಉಳಿದದ್ದು ಟಿವಿಯೊಂದೇ.

“ಚರ್ಚಿನ ಕಾರ್ಯಕ್ರಮ ತಾನೇ, ಅದರಲ್ಲಿ ನಾಚ್ಕೊಳ್ಳೋದೇನಿದೆ? ಎಲ್ಲರೂ ಕೂತ್ಕೊಳ್ಳಿ” ಅಂದರು ಓಫಾ ಅತ್ತೆ. ಅವರು ಅಪ್ಪನ ಅಕ್ಕ. ಅಪ್ಪ ತೀರಿಕೊಂಡ ಮೇಲಂತೂ ನಮ್ಮ ಮನೆಯಲ್ಲಿ ಅವರ ಮಾತೇ ಕೊನೆ.

ಸೆಮಿಸಿ ಬಾಗಿಲ ಹತ್ತಿರ ಚಾಪೆಯ ಅಂಚಿನಲ್ಲಿ ಕೂತ. ನಾನು ಅಮ್ಮನ ಬೆನ್ನ ಹಿಂದೆ ಸರಿದೆ. ತಾತ ಪೀಠದ ಕಟ್ಟೆಯನ್ನು ಕೈಯಿಂದ ತಡವಿ ಹಿಡಿದು ನಿಂತರು. ಸೆಮಿಸಿ ಮುಂದಕ್ಕೆ ಬಾಗಿದ.

ಆಗ ಕಾರಿನ ವಿಮೆಯ ಜಾಹೀರಾತು ಬಂತು. ಅದು ಮುಗಿಯುತ್ತಿದ್ದಂತೆ ಬಂದ ಇನ್ನೊಂದರಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ ಒಳ ಉಡುಪಿನಲ್ಲಿ ಒಬ್ಬಳು ಮೈಮುರಿಯತೊಡಗಿದಳು.

ಸೆಮಿಸಿ ಬೆಂಕಿ ತಗುಲಿದವನಂತೆ ಎದ್ದು ಹಿತ್ತಲಿಗೆ ಹೋದ.

“ಬಾರೋ, ಹೋಯ್ತು ಅವಳು” ಎಂದು ಅಮ್ಮ ಕೂಗುವಷ್ಟರಲ್ಲಿ ತಾತ ಯಾವುದೋ ಮಾತು ಮುಗಿಸಿದ್ದರು, ಚರ್ಚಿನಲ್ಲಿ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಸೆಮಿಸಿ ಬಂದು ಕೂತ. ಸ್ವಲ್ಪ ಹೊತ್ತಿಗೆ ಮತ್ತೆ ಅವಳೇ; ಸೆಮಿಸಿ ಮತ್ತೆ ಹಿತ್ತಲಿಗೆ. ಅಮ್ಮ ಗಾಬರಿಯಲ್ಲಿ ರಿಮೋಟಿನ ಯಾವುದೋ ಗುಂಡಿ ಒತ್ತಿದಳು. ಪರದೆ ಕಪ್ಪಾಗಿ, ಜಾಹೀರಾತೇ ಮೊದಲಿಂದ ಶುರುವಾಗಿ, ಆ ಹೆಂಗಸು ಮತ್ತೊಮ್ಮೆ ಮೈಮುರಿದಳು.

“ದುಡ್ಡು ಕಟ್ಟಿದ್ರೆ ಇವೆಲ್ಲ ಬರಲ್ವಂತೆ ಅಕ್ಕಾ” ಅಂದಳು ಅಮ್ಮ.

“ನಮ್ಮಪ್ಪನ ಪ್ರಸಂಗ ಕೇಳೋಕೆ ನಾನು ಯಾರಿಗೋ ದುಡ್ಡು ಕಟ್ಬೇಕಾ? ಸರಿ ಆ ಕಡೆ.”

ಅತ್ತೆ ನಮ್ಮವರ ಪದ್ಧತಿಯಂತೆ ಚರ್ಚಿಗೆಂದು ಸೊಂಟಕ್ಕೆ ಸುತ್ತಿದ್ದ ಹೆಣೆದ ಚಾಪೆಯನ್ನು ಬಿಚ್ಚಿ ಟಿವಿಯ ಮೇಲೆ ಹೊದಿಸಿದರು. ಚಿತ್ರ ಮುಚ್ಚಿದ್ದರಿಂದ ಮಾತು ಇನ್ನೂ ಸ್ಪಷ್ಟವಾಯಿತು. ಲೇಸು ಎಷ್ಟು ತೆಳು, ಮೈಗೆ ಎಷ್ಟು ಮೆತ್ತಗೆ, ಎಲ್ಲೆಲ್ಲಿ ಹೇಗೆ ಹಿಡಿದುಕೊಳ್ಳುತ್ತದೆ ಎಂದು ಆ ಹೆಂಗಸು ನಿಧಾನವಾಗಿ ಹೇಳುತ್ತಾ ಹೋದಳು. ಅತ್ತೆ ಮಾಡಿದ್ದನ್ನು ತೆಗೆಯುವ ಧೈರ್ಯ ನಮಗಾರಿಗೂ ಇರಲಿಲ್ಲ.

ಸೆಮಿಸಿ ಈ ಸಲ ಕರೆದರೂ ಬರಲಿಲ್ಲ.

“ನಾನು ಇಲ್ಲೇ ಕೇಳಿಸ್ಕೋತೀನಿ ಅತ್ತೆ” ಅಂದ ಹಿತ್ತಲಿಂದ.

“ಅಲ್ಲಿಂದ ಏನು ಕೇಳ್ಸುತ್ತೋ, ಪಕ್ಕದ್ಮನೆ ನಾಯಿ ಬೊಗಳೋದು ಬಿಟ್ಟು?”

ಅಡುಗೆಮನೆಯ ಕಿಟಕಿಯಲ್ಲಿ ನನಗೆ ಅವನು ಕಾಣುತ್ತಿದ್ದ. ಬಟ್ಟೆ ಒಣಹಾಕುವ ಕಂಬ ಹಿಡಿದುಕೊಂಡು ಮನೆಯ ಕಡೆಗೆ ಕಿವಿಯಿಟ್ಟು ನಿಂತಿದ್ದ. ಪ್ರಸಂಗ ಮುಗಿಯುತ್ತಾ ಬಂದಿತ್ತು. ಕಡೆಯ ಪ್ರಾರ್ಥನೆಯಲ್ಲಿ ತಾತ ದೂರದ ಮೊಮ್ಮಕ್ಕಳ ಹೆಸರು ಹಿಡಿದು ಆಶೀರ್ವದಿಸುತ್ತಾರೆಂದು ಅತ್ತೆ ಬೆಳಗಿನಿಂದ ಹೇಳುತ್ತಿದ್ದರು. ಅದನ್ನು ಅವನು ಎದುರು ಕೂತು ಕೇಳಬೇಕಿತ್ತು.

ಅಮ್ಮನಿದ್ದರೆ ಅವನಿಗೆ ನಾಚಿಕೆಯಿಲ್ಲ, ಅತ್ತೆಯಿದ್ದರೂ ಇಲ್ಲ. ಅಡ್ಡಿಯಾಗಿದ್ದವಳು ನಾನೊಬ್ಬಳೇ.

ಎದ್ದೆ.

“ಎಲ್ಲಿಗೆ ಲಾವೇನಿಯಾ?” ಅತ್ತೆ ನನ್ನ ಲಂಗ ಹಿಡಿದರು. “ನೀನು ತಂಗಿ, ನಮ್ಮಲ್ಲಿ ಅಣ್ಣನಿಗಿಂತ ಮೇಲು. ಅಣ್ಣ ಎದ್ದು ಹೋಗ್ಬೇಕು, ನೀನಲ್ಲ. ನಾನು ಯಾವತ್ತಾದ್ರೂ ನಿಮ್ಮಪ್ಪನಿಗೆ ಜಾಗ ಬಿಟ್ಟಿದ್ದು ನೋಡಿದೀಯಾ?”

ಲಂಗವನ್ನು ಮೆಲ್ಲಗೆ ಬಿಡಿಸಿಕೊಂಡೆ. ಮುಂಬಾಗಿಲಿಂದ ಹೊರಟು, ಮನೆ ಸುತ್ತಿ ಬಂದು, ನಡುಮನೆಯ ಕಿಟಕಿಯ ಕೆಳಗೆ ಕಸದ ಡಬ್ಬಿಗಳ ಪಕ್ಕ ಕೂತೆ. ಸೆಮಿಸಿ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನ ಚಪ್ಪಲಿಯ ಸದ್ದು ಬೇಗ ಬೇಗ ಒಳಗೆ ಹೋಯಿತು.

ತಾತನ ದನಿ ಕಿಟಕಿಯಿಂದ ಬರುತ್ತಿತ್ತು, ನಾನು ಅಂದುಕೊಂಡದ್ದಕ್ಕಿಂತ ತೆಳ್ಳಗೆ. “ಸೆಮಿಸಿ” ಅಂದರು. ಮತ್ತೆ “ನನ್ನ ಸೆಮಿಸಿ” ಅಂದರು. ಒಳಗೆ ಯಾರೋ ಜೋರಾಗಿ ಮೂಗು ಸೀಟಿಕೊಂಡರು, ಅಮ್ಮನಲ್ಲ, ಅತ್ತೆಯೂ ಅಲ್ಲ.

ಮುಂದಿನ ಹೆಸರು ನನ್ನದೇ ಇರಬೇಕು. ಉಸಿರು ಹಿಡಿದೆ. ಲೇಸು ಎಷ್ಟು ತೆಳು ಎಂದು ಆ ಹೆಂಗಸು ಶುರುಮಾಡಿದಳು.

ಅತ್ತೆ ಅವಳಿಗೂ ಅವಳ ತಾಯಿಗೂ ಸೇರಿಸಿ ಬೈದರು. ಜಾಹೀರಾತು ಮುಗಿದಾಗ ಚರ್ಚಿನಲ್ಲಿ ಎಲ್ಲರೂ ಎದ್ದು ಹಾಡುತ್ತಿದ್ದರು.

ನಾನು ಅಲ್ಲೇ ಕೂತಿದ್ದೆ. ಕಿಟಕಿಯ ಹತ್ತಿರ ಯಾರೋ ಬಂದು ನಿಂತರು.

“ಅಮ್ಮಾ” ಅಂದ ಸೆಮಿಸಿ, ಬೇಕಾದ್ದಕ್ಕಿಂತ ಜೋರಾಗಿ. “ಅವಳಿಗೆ ಹೇಳು, ತಾತ ಅವಳ ಹೆಸರನ್ನೂ ಹೇಳಿದಾರೆ. ಊರಲ್ಲಿ ದಿನಾ ಬೆಳಗಿನ ಪ್ರಾರ್ಥನೇಲಿ ನನ್ನ ಹೆಸರಾದ್ಮೇಲೆ ಅವಳದೇ ಬರೋದು. ಕಂಡೇ ಇಲ್ದಿರೋ ಹುಡುಗಿಗೆ ಯಾಕಿಷ್ಟು ಹೊತ್ತು ಪ್ರಾರ್ಥನೆ ಅಂತ ನಂಗೆ ಚಿಕ್ಕೋನಿದ್ದಾಗ ಹೊಟ್ಟೆಕಿಚ್ಚು.”

ನನಗೆ ಎಲ್ಲ ಕೇಳಿಸಿತ್ತು. ಆದರೂ ಅಮ್ಮ ಕಿಟಕಿಗೆ ಬಂದು, ಬಗ್ಗಿ, ಒಂದು ಮಾತೂ ಬಿಡದೆ ಮತ್ತೆ ನನಗೆ ಹೇಳಿದಳು.