ಕಿವಿಯ ಹತ್ತಿ

ಮೂಡಲಪಾಳ್ಯದ ಮುನಿಯಪ್ಪನವರು ಬಾಡಿಗೆದಾರರನ್ನು ಬಿಡಿಸಿ ಕೆಳಗಿನ ಮನೆಯನ್ನು ಮಗನ ಬ್ಯಾಂಡಿಗೆ ಕೊಟ್ಟಾಗ, ಮುದುಕನಿಗೆ ತಲೆ ಕೆಟ್ಟಿದೆ ಎಂದು ಬೀದಿಯೇ ಆಡಿಕೊಂಡಿತು. ಮಗ ಯಶ್ವಂತ್ ಹಾಡುವುದು ಪಂಕ್ ರಾಕ್. ಹಾಡುವುದೆಂದರೆ ಗಂಟಲು ಹರಿಯುವಂತೆ ಕಿರುಚುವುದು. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿಕೊಟ್ಟವರೂ ಮುನಿಯಪ್ಪನವರೇ. ಪ್ರಾಕ್ಟೀಸ್ ಶುರುವಾದರೆ ಕಿವಿಗೆ ಹತ್ತಿ ತುರುಕಿಕೊಂಡು ಬಾಗಿಲಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದರು. ಜಗಳಕ್ಕೆ ಬಂದವರಿಗೆ, "ಹುಡುಗ್ರು ಏನೋ ಮಾಡ್ತಾವ್ರೆ, ಬುಡಿ ಅತ್ಲಾಗೆ" ಎನ್ನುತ್ತಿದ್ದರು.

ಬ್ಯಾಂಡ್ ಹೊರತರಲಿದ್ದ ಆಲ್ಬಮ್ಮಿನ ಕೊನೆಯ ಹಾಡು, 'ಅಪ್ಪಾ, ನೀ ಸತ್ರೂ ಅಳಲ್ಲ ನಾನು.' ಇಂಜಿನಿಯರಿಂಗ್ ಬಿಟ್ಟ ದಿನ ಅಪ್ಪ ಕೆನ್ನೆಗೆ ಬಾರಿಸಿದ್ದಕ್ಕೆ ಹತ್ತೊಂಬತ್ತರ ಯಶ್ವಂತ್ ಬರೆದದ್ದು. ಆ ಕೋಪ ಇಳಿದು ನಾಲ್ಕು ವರ್ಷವಾಗಿತ್ತು. ಆದರೆ ಹಾಡು ಚೆನ್ನಾಗಿತ್ತಲ್ಲ, ಬಿಡಲು ಮನಸ್ಸು ಬರಲಿಲ್ಲ ಮಹಾರಾಯನಿಗೆ. ಆ ಕಿರುಚಾಟದಲ್ಲಿ ಪದಗಳು ಅಪ್ಪನಿಗೆಲ್ಲಿ ತಿಳಿಯುತ್ತವೆ ಎಂಬ ಧೈರ್ಯ ಬೇರೆ.

ಸಿಡಿ ಬಂದಾಗ ನೋಡಿದರೆ, ಗಿಟಾರ್ ನುಡಿಸುವ ಸಂಪತ್ ಅದರ ಜೊತೆಗೊಂದು ಪುಟ್ಟ ಪುಸ್ತಕ ಮಾಡಿಸಿ ಎಲ್ಲ ಹಾಡನ್ನೂ ಅಚ್ಚು ಹಾಕಿಸಿದ್ದ.

"ಯಾರನ್ನ ಕೇಳಿ ಹಾಕಿಸ್ದೋ?"

"ಜನಾನೂ ಜೊತೆಗೆ ಹಾಡ್ಲಿ ಅಂತ ಮಗಾ."

ಹಾಡಿದರು. ಅತ್ತಿಗುಪ್ಪೆಯ ಸಭಾಂಗಣದಲ್ಲಿ ಬಿಡುಗಡೆಯ ದಿನ ಇನ್ನೂರು ಜನ ಪುಸ್ತಕ ಹಿಡಿದು ಆ ಸಾಲನ್ನೇ ಮತ್ತೆ ಮತ್ತೆ ಕೂಗಿದರು. ಮುಂದಿನ ಸಾಲಿನಲ್ಲಿ ಹೊಸ ಅಂಗಿ ತೊಟ್ಟ ಮುನಿಯಪ್ಪನವರು, ಕಿವಿಯಲ್ಲಿ ಹತ್ತಿ, ಮುಖದ ತುಂಬ ನಗು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಆ ಸಾಲು ಬಂದಾಗಲೆಲ್ಲ ಯಶ್ವಂತ್ ಡ್ರಮ್ಮಿನ ಕಡೆ ತಿರುಗಿಕೊಂಡ.

ನೆಂಟರಿಗೆ ಹಂಚಲು ಅಪ್ಪ ನಾಲ್ಕು ಸಿಡಿ ಕೇಳಿದರು. ಯಶ್ವಂತ್ ಪುಸ್ತಕಗಳನ್ನು ಎಳೆದಿಟ್ಟುಕೊಂಡೇ ಕೊಟ್ಟ. ಆದರೆ ಸಭಾಂಗಣದ ನೆಲದ ಮೇಲೊಂದು ಪುಸ್ತಕ ಬಿದ್ದಿತ್ತು. ಅದರ ಮುಖಪುಟದಲ್ಲಿದ್ದ ಮಗನ ಫೋಟೊ ಯಾರಾದರೂ ತುಳಿದಾರೆಂದು ಮುನಿಯಪ್ಪನವರು ಅದನ್ನೆತ್ತಿ, ಕಣ್ಣಿಗೊತ್ತಿಕೊಂಡು, ಜೇಬಿಗಿಟ್ಟುಕೊಂಡಿದ್ದರು.

ಮರುದಿನ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಕೊನೆಯ ಪುಟ ಓದುತ್ತ ಕೂತಿದ್ದ ಅಪ್ಪನನ್ನು ಕಂಡು ಯಶ್ವಂತ್ ಮೆಟ್ಟಿಲಲ್ಲೇ ನಿಂತುಬಿಟ್ಟ.

"ಅಪ್ಪಾ... ಅದು ಹಳೇದು. ಆವಾಗ ಬರ್ದಿದ್ದು."

ಮುನಿಯಪ್ಪನವರು ಪುಸ್ತಕ ಮುಚ್ಚಿದರು. "ನಾನು ಆವತ್ತು ಹೊಡೀಬಾರ್ದಾಗಿತ್ತು ಕಣಪ್ಪ."

ಸಂಜೆ ಪ್ರಾಕ್ಟೀಸಿಗೆ ಎಂದಿನಂತೆ ಬಾಗಿಲಲ್ಲಿ ಕುರ್ಚಿ ಬಂತು. ಕೊನೆಯ ಹಾಡಿಗೆ ಡ್ರಮ್ ಶುರುವಾಯಿತು, ಗಿಟಾರೂ ಬಂತು, ಯಶ್ವಂತನ ದನಿ ಮಾತ್ರ ಹೊರಡಲಿಲ್ಲ. ಎಲ್ಲರೂ ನಿಲ್ಲಿಸಿದರು.

"ಯಾಕಪ್ಪ ನಿಲ್ಲಿಸ್ದೆ? ಹಾಡ್ಕೋ," ಎಂದರು ಅಪ್ಪ, ಬೀದಿಯ ಕಡೆಗೇ ಮುಖ ಮಾಡಿಕೊಂಡು. "ನಂಗೇನೂ ಕೇಳ್ಸಲ್ಲ. ಹತ್ತಿ ಇಟ್ಕೊಂಡಿದೀನಿ."

ಯಶ್ವಂತ್ ನೋಡಿದ. ಅಪ್ಪನ ಕಿವಿಯಲ್ಲಿ ಹತ್ತಿ ಇರಲಿಲ್ಲ.